ಹಿತ್ತಲಲ್ಲಿ ಇನ್ನೊಂದು ಸಣ್ಣ ಮನೆ: ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಇರುವ ಮನೆಯ ಹಿಂದೆಯೋ ಪಕ್ಕದಲ್ಲೋ, ಅದೇ ಪಾಗಾರದ ಒಳಗೆ, ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲಿನ ಪುಟ್ಟ ಮನೆ ಕಟ್ಟುವ ಯೋಚನೆ ಈಗ ಜಿಲ್ಲೆಯ ಅನೇಕ ಮನೆಗಳಲ್ಲಿದೆ. ವಯಸ್ಸಾದ ತಂದೆ ತಾಯಿಗೆ, ಬೆಂಗಳೂರಿನಿಂದ ಮರಳುವ ಮಗನಿಗೆ, ಕೈಗಾ ಅಥವಾ ನೌಕಾನೆಲೆಯ ಕೆಲಸಕ್ಕೆ ಬಂದವರಿಗೆ ಬಾಡಿಗೆಗೆ, ಗೋಕರ್ಣದ ಪ್ರವಾಸಿಗರಿಗೆ ಹೀಗೆ ಕಾರಣಗಳು ಬೇರೆ ಬೇರೆ. ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಒಂದೇ. ಬಹಳಷ್ಟು ಜನ ನೆಲದ ಟೈಲ್ಸ್‌ನಿಂದ ಮಾತು ಶುರು ಮಾಡುತ್ತಾರೆ. ಇಲ್ಲಿ ಜಾಗದ ಕಾಗದ ಮತ್ತು ನೀರಿನಿಂದ ಶುರು ಮಾಡಲಾಗಿದೆ. ಈ ಜಿಲ್ಲೆಯಲ್ಲಿ ಹೊಸ ಮನೆ ತೊಂದರೆಗೆ ಸಿಕ್ಕುವುದು ಹೆಚ್ಚಾಗಿ ಈ ಎರಡರಿಂದಲೇ.

ನಮ್ಮದೇ ಜಾಗ, ನಮ್ಮದೇ ಪಾಗಾರ. ಪರವಾನಗಿ ಏಕೆ ಬೇಕು?

ಜಾಗ ನಿಮ್ಮದಾದರೂ ಕಟ್ಟಡಕ್ಕೆ ಪರವಾನಗಿ ಬೇಕು. ಕಾರವಾರ, ಶಿರಸಿಯಂತಹ ಕಡೆ ನಗರಸಭೆ, ಕುಮಟಾ, ಅಂಕೋಲಾದಲ್ಲಿ ಪುರಸಭೆ, ಸಿದ್ದಾಪುರ, ಯಲ್ಲಾಪುರದಲ್ಲಿ ಪಟ್ಟಣ ಪಂಚಾಯತ್ 1964ರ ಪುರಸಭೆಗಳ ಕಾಯ್ದೆಯ ಪ್ರಕಾರ ಅದನ್ನು ಕೊಡುತ್ತವೆ. ಹಳ್ಳಿಗಳಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದ ಅಡಿಯಲ್ಲಿ ಗ್ರಾಮ ಪಂಚಾಯತಿಯ ಲಿಖಿತ ಅನುಮತಿ ಬೇಕು. "ಸಣ್ಣ ಔಟ್‌ಹೌಸ್ ಅಷ್ಟೇ" ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಕಟ್ಟಿಗೆ ಇಡುವ ಮಾಡು ಬೇರೆ, ಒಲೆ ಮತ್ತು ಶೌಚಾಲಯ ಇರುವ ವಾಸದ ಮನೆ ಬೇರೆ.

ಸರಕು ಸಾಗಣೆಯ ಕಂಟೇನರ್ ತಂದಿಟ್ಟರೆ ಪರವಾನಗಿ ಬೇಡವಲ್ಲವೇ ಎಂದು ಕೇಳುವವರೂ ಇದ್ದಾರೆ. ಜನ ವಾಸ ಮಾಡುವುದಾದರೆ ಬೇಕು. ಅದಲ್ಲದೆ ಉಪ್ಪುಗಾಳಿಯಲ್ಲಿ ಕಬ್ಬಿಣದ ಪೆಟ್ಟಿಗೆಯೊಳಗೆ ಸಂಸಾರ ಹೂಡುವ ಉತ್ಸಾಹ ಎರಡನೇ ಮಳೆಗಾಲದ ಹೊತ್ತಿಗೆ ಇಳಿದಿರುತ್ತದೆ.

ಪಹಣಿಯಲ್ಲಿ ನನ್ನ ಹೆಸರಿದೆ. ಅಷ್ಟು ಸಾಲದೇ?

ಸಾಲದು. ಪಹಣಿಯಲ್ಲಿ ಹೆಸರಿದ್ದರೂ ಅದು ಇನ್ನೂ ಕೃಷಿ ಜಮೀನೇ ಆಗಿರಬಹುದು. ಕೃಷಿ ಜಮೀನನ್ನು ವಸತಿಗೆ ಬಳಸಲು 1964ರ ಭೂಕಂದಾಯ ಕಾಯ್ದೆಯ 95ನೇ ಪ್ರಕರಣದ ಪ್ರಕಾರ ಭೂ ಪರಿವರ್ತನೆ ಆಗಬೇಕು. ನಮ್ಮ ಕಡೆಯ ಹಿರಿಯರು ಇದನ್ನೇ ಬಿನಶೇತ್ಕಿ ಎನ್ನುತ್ತಾರೆ. ನಿಮ್ಮ ಹಳೆಯ ಮನೆ ಇರುವಷ್ಟು ಜಾಗ ಮಾತ್ರ ಬಿನಶೇತ್ಕಿ ಆಗಿ, ಹಿಂದಿನ ಹಿತ್ತಲು ತೋಟವಾಗಿಯೇ ಉಳಿದಿರುವುದು ಬಹಳ ಸಾಮಾನ್ಯ. ಮನೆ ಇರುವುದೆಲ್ಲ ಮನೆಜಾಗ ಎಂದು ಮೂರು ತಲೆಮಾರು ನಂಬಿಕೊಂಡು ಬಂದಿರುತ್ತಾರೆ; ಪರಿವರ್ತನೆಯ ಆದೇಶದ ಜೊತೆಗಿನ ನಕ್ಷೆ ತೆಗೆದು ನೋಡಿದರೆ ಗೆರೆ ಬಚ್ಚಲ ಗೋಡೆಗೇ ನಿಂತಿರುತ್ತದೆ. ಆದ್ದರಿಂದ ಮೊದಲು ಆ ನಕ್ಷೆ ಹುಡುಕಿ.

ಪಂಚಾಯತ್ ವ್ಯಾಪ್ತಿಯಲ್ಲಿ ಇ-ಸ್ವತ್ತು ಎಂಬ ಆಸ್ತಿ ದಾಖಲೆ ವ್ಯವಸ್ಥೆಯ ನಮೂನೆ 9 ಮತ್ತು 11ಎ ಇದ್ದರೆ ದಾರಿ ಸುಲಭ. 11ಬಿ ಇದ್ದರೆ ಆಸ್ತಿ ಪಂಚಾಯತಿಯ ಲೆಕ್ಕದಲ್ಲಿದೆ, ತೆರಿಗೆ ಕಟ್ಟುತ್ತಿದ್ದೀರಿ ಎಂದಷ್ಟೇ ಹೇಳಬಹುದು. ಜಾಗ ಸಕ್ರಮ ಎಂದು ಅದು ಹೇಳುವುದಿಲ್ಲ. ಬ್ಯಾಂಕಿನವರು ಈ ವ್ಯತ್ಯಾಸವನ್ನು ಮೊದಲ ಪುಟದಲ್ಲೇ ಹಿಡಿಯುತ್ತಾರೆ.

ಘಟ್ಟದ ಮೇಲೆ ಇನ್ನೊಂದು ತೊಡಕು ಬೆಟ್ಟದ್ದು. ಅಡಿಕೆ ತೋಟಕ್ಕೆಂದು ಬಿಟ್ಟ ಸೊಪ್ಪಿನ ಬೆಟ್ಟದಲ್ಲಿ ನಿಮಗೆ ಇರುವುದು ಸೊಪ್ಪು, ದರಕು (ಒಣಗಿದ ಎಲೆ), ಕಟ್ಟಿಗೆ ತರುವ ಸವಲತ್ತು. ಒಡೆತನ ಸರ್ಕಾರದ್ದು. ಅಜ್ಜನ ಕಾಲದಿಂದ ಬೇಲಿ ಹಾಕಿಕೊಂಡಿದ್ದರೂ ಅಲ್ಲಿ ಮನೆ ಕಟ್ಟುವಂತಿಲ್ಲ. ಅರಣ್ಯ ಅತಿಕ್ರಮಣದ ಜಾಗದ ಮಾತೂ ಅಷ್ಟೇ: ಅರಣ್ಯ ಹಕ್ಕು ಕಾಯ್ದೆಯ ಅಡಿ ಅರ್ಜಿ ಹಾಕಿದ್ದೀರಿ ಎಂಬುದು ಹೊಸ ಕಟ್ಟಡಕ್ಕೆ ಅನುಮತಿಯಲ್ಲ.

ಕೃಷಿಕರು ಪರಿವರ್ತನೆ ಇಲ್ಲದೆ ತೋಟದ ಮನೆ ಕಟ್ಟಬಹುದಂತೆ. ಹೌದೇ?

ಹೌದು, ಮಿತಿಯೊಳಗೆ. ಕೃಷಿಕ ತನ್ನ ವಾಸಕ್ಕೆ ಮತ್ತು ಕೃಷಿ ಕೆಲಸಕ್ಕೆ, ಹಿಡುವಳಿಯ ಶೇಕಡಾ 10ನ್ನು ಮೀರದಂತೆ ತೋಟದ ಮನೆ ಕಟ್ಟಿಕೊಳ್ಳಲು ಕಾಯ್ದೆಯಲ್ಲೇ ಅವಕಾಶವಿದೆ. ಆದರೆ ಅದನ್ನು ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಟ್ಟ ದಿನ ಅದು ತೋಟದ ಮನೆಯಾಗಿ ಉಳಿಯುವುದಿಲ್ಲ. ಶಿರಸಿ, ಸಿದ್ದಾಪುರದ ಕಡೆ ಈ ಒಂದು ವಾಕ್ಯದ ಮೇಲೆ ಬಹಳ ಆಸೆ ಕಟ್ಟಿಕೊಂಡವರಿದ್ದಾರೆ; ಆ ವಾಕ್ಯ ಅಷ್ಟು ಭಾರ ಹೊರುವುದಿಲ್ಲ.

ಜಾಗ ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿಯಾಗಿದೆ. ನನ್ನ ಪಾಲಿನಲ್ಲಿ ನಾನು ಕಟ್ಟಬಹುದೇ?

"ನನ್ನ ಪಾಲು" ಎಂಬುದು ಊಟದ ಹೊತ್ತಿನ ಮಾತಿನಲ್ಲಿದೆಯೋ ಕಾಗದದಲ್ಲಿದೆಯೋ ಎಂಬುದೇ ಪ್ರಶ್ನೆ. ನೋಂದಾಯಿತ ಪಾಲುಪತ್ರ, ಪಾಲಾಗುವ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ, ಪೋಡಿ (ಸರ್ವೆ ನಂಬರಿನ ವಿಭಜನೆ), ಬೇರೆ ಬೇರೆ ಖಾತೆ ಇವು ಆಗಿಲ್ಲದಿದ್ದರೆ ಪ್ರತಿ ಗುಂಟೆಯಲ್ಲೂ ಎಲ್ಲರ ಹಕ್ಕಿದೆ. ಅಂತಹ ಜಾಗದಲ್ಲಿ ಒಬ್ಬರು ದುಡ್ಡು ಹಾಕಿ ಕಟ್ಟಿದ ಮನೆ ನಾಳೆ ಪಾಲಾಗುವಾಗ ಲೆಕ್ಕಕ್ಕೆ ಬರುತ್ತದೆ, ಜಗಳಕ್ಕೂ ಬರುತ್ತದೆ.

ಅಕ್ಕತಂಗಿಯರನ್ನು ಮರೆಯಬೇಡಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳು ಮಗನಷ್ಟೇ ಪಾಲುದಾರಳು. ತಂದೆ ಆ ಹೊತ್ತಿಗೆ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. "ಅವರು ಏನೂ ಕೇಳುವುದಿಲ್ಲ" ಎನ್ನುವ ಅಣ್ಣಂದಿರು ಆ ಮಾತನ್ನು ತಂಗಿಯಿಂದಲೇ ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು. ಎಲ್ಲರ ಒಪ್ಪಿಗೆ ಪತ್ರವಿಲ್ಲದೆ ನಗರಸಭೆಯೂ ನಕ್ಷೆಯನ್ನು ಮುಂದೆ ಕಳಿಸುವುದು ಕಷ್ಟ.

ಸಮುದ್ರದಿಂದ ಎಷ್ಟು ದೂರದಲ್ಲಿದ್ದರೆ ಕಟ್ಟಬಹುದು?

ಕರಾವಳಿಯಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಒಂದೇ ಸಂಖ್ಯೆಯಲ್ಲಿ ಉತ್ತರವಿಲ್ಲ. ಈಗಿನ ಆಧಾರ 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ. ಜನ ಇದನ್ನು ಸಿಆರ್‌ಝಡ್ ಎಂದೇ ಕರೆಯುತ್ತಾರೆ. ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ಭೂಮಿ ಈ ವಲಯಕ್ಕೆ ಸೇರುತ್ತದೆ. ಉಬ್ಬರದ ಗೆರೆ ಎಂದರೆ ನೀವು ಹುಣ್ಣಿಮೆಯ ದಿನ ನಿಂತು ನೋಡಿದ ನೀರಿನ ಅಂಚಲ್ಲ. ಅಧಿಕೃತ ನಕ್ಷೆಯಲ್ಲಿ ಗುರುತಿಸಿದ ಗೆರೆ. ಸರ್ವೆ ನಂಬರುಗಳನ್ನು ತೋರಿಸುವ 1:4000 ಅಳತೆಯ ನಕ್ಷೆಗಳಲ್ಲಿ ನಿಮ್ಮ ಜಾಗ ಎಲ್ಲಿ ಬೀಳುತ್ತದೆ ಎಂಬುದನ್ನು ಕಾರವಾರದಲ್ಲಿರುವ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಯಲ್ಲಿ ಕೇಳಿ ತಿಳಿಯಬೇಕು.

ಈ ವಲಯದ ಭೂಮಿಯನ್ನು ಅಧಿಸೂಚನೆ ವರ್ಗಗಳಾಗಿ ವಿಂಗಡಿಸುತ್ತದೆ. ಪಟ್ಟಣದ ಕಟ್ಟಿ ತುಂಬಿದ ಭಾಗ ಎರಡನೇ ವರ್ಗ. ಅಲ್ಲಿ ಈಗಾಗಲೇ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡದ ನೆಲದ ಕಡೆಗಿನ ಭಾಗದಲ್ಲಿ ಸ್ಥಳೀಯ ನಿಯಮದಂತೆ ಕಟ್ಟಬಹುದು. ಸಮುದ್ರದ ಕಡೆಗೆ ಅಲ್ಲ. ಅಂದರೆ ಹಳೆಯ ಮನೆ ರಸ್ತೆಗೆ ಅಂಟಿಕೊಂಡು, ಹಿತ್ತಲು ಕಡಲಿಗೆ ತೆರೆದುಕೊಂಡಿದ್ದರೆ, ಕಟ್ಟಲು ಮನಸ್ಸಾಗುವ ಜಾಗವೇ ಕಟ್ಟಬಾರದ ಜಾಗವಾಗಬಹುದು.

ಹಳ್ಳಿಗಳು ಮೂರನೇ ವರ್ಗ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಕಡೆ 50 ಮೀಟರ್, ಅದಕ್ಕಿಂತ ಕಡಿಮೆ ಇರುವ ಕಡೆ 200 ಮೀಟರ್ ತನಕ ಹೊಸ ಕಟ್ಟಡಕ್ಕೆ ಅವಕಾಶವಿಲ್ಲದ ಪಟ್ಟಿ. ನಮ್ಮ ಹಳ್ಳಿಗಳಲ್ಲಿ ಹೆಚ್ಚಿನವು ಎರಡನೇ ಲೆಕ್ಕಕ್ಕೇ ಬೀಳುತ್ತವೆ ಎಂದುಕೊಂಡು ಹೊರಡುವುದು ಕ್ಷೇಮ. ಸಮುದ್ರಕ್ಕೆ ಎದುರಾಗಿ 100ರಿಂದ 200 ಮೀಟರ್ ನಡುವೆ ಮೀನುಗಾರರೂ ಸೇರಿದಂತೆ ಸ್ಥಳೀಯ ಸಮುದಾಯದವರ ವಾಸದ ಮನೆಗಳಿಗೆ ಷರತ್ತುಬದ್ಧ ವಿನಾಯಿತಿ ಇದೆ. ಅದನ್ನು ಹೊರಗಿನವರ ರೆಸಾರ್ಟಿಗೆ ಬಳಸಿಕೊಳ್ಳಲು ಬರುವುದಿಲ್ಲ.

200 ಮೀಟರ್ ದಾಟಿದ ಮೇಲೆ ಹಳ್ಳಿಯ ವಾಸದ ಮನೆಗೆ ಎತ್ತರದ ಮಿತಿ 9 ಮೀಟರ್, ನೆಲ ಅಂತಸ್ತು ಮತ್ತು ಮೇಲೊಂದು. ಎರಡನೇ ಮತ್ತು ಮೂರನೇ ವರ್ಗದಲ್ಲಿ ಒಟ್ಟು 300 ಚದರ ಮೀಟರ್ ಒಳಗಿನ ಸ್ವಂತ ವಾಸದ ಮನೆಗೆ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಶಿಫಾರಸು ಬೇಡ. ಸ್ಥಳೀಯ ಸಂಸ್ಥೆಯೇ ಅಧಿಸೂಚನೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸಿ ಅನುಮತಿ ಕೊಡಬಹುದು. ಹಿತ್ತಲ ಮನೆ ಕಟ್ಟುವವರಿಗೆ ಇದು ನಿಜಕ್ಕೂ ಉಪಯೋಗದ ಸಾಲು, ಆದರೆ ಕಚೇರಿಯಲ್ಲಿ ಕೇಳದೆ ಯಾರೂ ತಾವಾಗಿ ಹೇಳುವುದು ಅಪರೂಪ.

ನಮ್ಮ ಮನೆ ಕಡಲ ದಂಡೆಯಲ್ಲಿಲ್ಲ, ಹೊಳೆಯ ಅಂಚಿನಲ್ಲಿದೆ. ನಮಗೂ ಇದೇ ನಿಯಮವೇ?

ಉಬ್ಬರದ ನೀರು ಏರಿ ಬರುವ ತನಕ ಹೊಳೆಯೂ ಕಡಲೇ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕರಲ್ಲೂ ಉಪ್ಪುನೀರು ಬಹಳ ಒಳಗೆ ಹೋಗುತ್ತದೆ. ಅಂತಹ ಕಡೆ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು ನಿಯಂತ್ರಣದ ಪಟ್ಟಿ. ಕುಮಟಾ ಕಡೆಯ ಗಜನಿ ಭೂಮಿಯಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳು), ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಿದ್ದ ಗದ್ದೆ ಈಗ ಖಾಲಿ ಬಿದ್ದಿದೆ ಎಂದು ಮಣ್ಣು ತುಂಬಿ ಮನೆ ಎಬ್ಬಿಸುವ ಯೋಚನೆ ಇದ್ದರೆ ಕೈಬಿಡಿ. ಕಾನೂನನ್ನು ಬದಿಗಿಟ್ಟರೂ ಆ ಜೌಗು ನೆಲ ನಿಮ್ಮ ಪಾಯವನ್ನು ಹಿಡಿದು ನಿಲ್ಲಿಸುವುದಿಲ್ಲ.

ಕಟ್ಟಬಾರದ ಪಟ್ಟಿಯೊಳಗೇ ನಮ್ಮ ಹಳೆಯ ಮನೆ ಇದೆ. ಬೇರೆ ದಾರಿ ಇಲ್ಲವೇ?

ಒಂದಿದೆ. ಅಧಿಕೃತವಾಗಿ ಇರುವ ಮನೆಯನ್ನು, ಈಗಿನ ತಳವಿಸ್ತೀರ್ಣ ಮೀರದಂತೆ ದುರಸ್ತಿ ಮಾಡಲು, ಮತ್ತೆ ಕಟ್ಟಲು ಅವಕಾಶವಿದೆ. ಹಳೆಯ ದೊಡ್ಡ ಮನೆಗಳಲ್ಲಿ ಬಳಕೆಯಾಗದ ಕೋಣೆಗಳು ಎಷ್ಟೋ ಇರುತ್ತವೆ. ಜಗಲಿಯ ಒಂದು ತುದಿಗೆ ಬೇರೆ ಬಾಗಿಲು, ಹಿಂದಿನ ಉಗ್ರಾಣಕ್ಕೆ ಅಡುಗೆ ಕಟ್ಟೆ, ಪಕ್ಕದಲ್ಲಿ ಸ್ನಾನದ ಮನೆ ಮಾಡಿದರೆ ಒಂದೇ ಮಾಡಿನಡಿ ಎರಡು ಸಂಸಾರ ನೆಮ್ಮದಿಯಿಂದ ಇರಬಹುದು. ಹೊರಗೆ ಹೊಸ ಗೋಡೆ ಏಳುವುದಿಲ್ಲ, ಖರ್ಚೂ ಕಡಿಮೆ. ಪಟ್ಟಿಯಲ್ಲಿ ಸಿಕ್ಕಿಕೊಂಡಿಲ್ಲದವರೂ ಮೊದಲು ಈ ದಾರಿ ಯೋಚಿಸಬೇಕು ಎಂಬುದು ನನ್ನ ಅಭಿಪ್ರಾಯ. ಒಳಗೆ ಖಾಲಿ ಕೋಣೆಗಳನ್ನು ಇಟ್ಟುಕೊಂಡು ಹಿತ್ತಲಲ್ಲಿ ಸಿಮೆಂಟ್ ಸುರಿಯುವುದನ್ನು ನೋಡಿ ನೋಡಿ ಬಂದ ಅಭಿಪ್ರಾಯ.

ಸುತ್ತ ಎಷ್ಟು ಜಾಗ ಬಿಡಬೇಕು?

ನಿವೇಶನದ ಅಳತೆ, ರಸ್ತೆಯ ಅಗಲ, ಊರಿನ ವಲಯ ನಿಯಮ ನೋಡಿ ನಿರ್ಧಾರವಾಗುತ್ತದೆ. ಕಾರವಾರದಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ, ಬೇರೆ ಕಡೆ ಆಯಾ ಯೋಜನಾ ಪ್ರಾಧಿಕಾರದಲ್ಲಿ ಕೇಳಿ. ಹಳೆಯ ಮನೆ ಮತ್ತು ಹೊಸದು ಸೇರಿ ಎಷ್ಟು ನೆಲ ಆಕ್ರಮಿಸುತ್ತವೆ ಎಂಬುದನ್ನು ಒಟ್ಟಿಗೆ ಲೆಕ್ಕ ಹಾಕುತ್ತಾರೆ. ರಾಷ್ಟ್ರೀಯ ಹೆದ್ದಾರಿ 66ರ ಬದಿಯವರು ಹೆದ್ದಾರಿಗೆ ಬಿಡಬೇಕಾದ ಅಂತರವನ್ನೂ, ನೌಕಾನೆಲೆಯ ಗಡಿಗೆ ಹತ್ತಿರದವರು ಅಲ್ಲಿನ ನಿರ್ಬಂಧಗಳನ್ನೂ ಮೊದಲೇ ವಿಚಾರಿಸಬೇಕು.

ಎಷ್ಟು ಚಿಕ್ಕದಾಗಿ ಕಟ್ಟಬಹುದು?

ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ಒಂದೇ ವಾಸದ ಕೋಣೆಯಿದ್ದರೆ ಅದು 9.5 ಚದರ ಮೀಟರಿಗೆ ಕಡಿಮೆ ಇರಬಾರದು, ಅಗಲ 2.4 ಮೀಟರ್, ಎತ್ತರ 2.75 ಮೀಟರ್ ಇರಬೇಕು. ಅಡುಗೆಮನೆಗೆ 5 ಚದರ ಮೀಟರ್. ಇಬ್ಬರಿಗೆ 400 ಚದರ ಅಡಿ ಸಾಕು. 500 ಇದ್ದರೆ ಒಂದು ಜಗಲಿಯೂ ಸಿಗುತ್ತದೆ. ಜಗಲಿಯನ್ನು ಮಾತ್ರ ಕತ್ತರಿಸಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಡೆ ಒಣಗುವುದು, ಬಟ್ಟೆ ಆರುವುದು, ಮುದುಕರು ಕೂರುವುದು ಎಲ್ಲ ಅಲ್ಲಿಯೇ.

ಕಿಟಕಿಯ ವಿಷಯದಲ್ಲಿ ಸಂಹಿತೆ ನಮ್ಮ ಹವೆಗೆ ಉದಾರವಾಗಿದೆ: ಸೆಕೆ ಮತ್ತು ತೇವ ಎರಡೂ ಇರುವ ಪ್ರದೇಶದಲ್ಲಿ ಕೋಣೆಯ ನೆಲದ ಆರನೇ ಒಂದು ಭಾಗದಷ್ಟು ತೆರಪು ಇರಬೇಕು ಎನ್ನುತ್ತದೆ. ಬಯಲುಸೀಮೆಯ ಮಾದರಿಯ ನಕ್ಷೆ ಇಂಟರ್ನೆಟ್ಟಿನಿಂದ ತಂದು ಸಣ್ಣ ಸಣ್ಣ ಕಿಟಕಿ ಇಟ್ಟರೆ ಮೊದಲ ಆಷಾಢದಲ್ಲೇ ಗೋಡೆಗೆ ಬೂಷ್ಟು ಹಿಡಿಯುತ್ತದೆ.

ದನ ಇಲ್ಲ, ಕೊಟ್ಟಿಗೆ ಖಾಲಿ ಇದೆ. ಅದನ್ನೇ ಮನೆ ಮಾಡಬಹುದೇ?

ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಬರುವ ಪ್ರಶ್ನೆ ಇದು. ಮಾಡಬಹುದು, ಆದರೆ ಗೋಡೆಯನ್ನು ನಂಬಬೇಡಿ. ವರ್ಷಗಟ್ಟಲೆ ಗಂಜಲ ಹೀರಿದ ಮಣ್ಣಿನ ಗೋಡೆ ಮತ್ತು ನೆಲದಲ್ಲಿ ಲವಣ ತುಂಬಿರುತ್ತದೆ. ಎಷ್ಟು ಸಲ ಗಾರೆ ಮಾಡಿ ಬಣ್ಣ ಬಳಿದರೂ ಮಳೆಗಾಲದಲ್ಲಿ ಬಿಳಿ ಹಿಟ್ಟಿನಂತೆ ಹೊರಬಂದು ಪ್ಲಾಸ್ಟರ್ ಉದುರುತ್ತದೆ. ಕೊಟ್ಟಿಗೆಯ ನೆಲ ಅಂಗಳಕ್ಕಿಂತ ಹೆಚ್ಚು ಎತ್ತರವಿರುವುದಿಲ್ಲ, ಆದ್ದರಿಂದ ತೇವ ಕೆಳಗಿನಿಂದಲೂ ಏರುತ್ತದೆ. ಮರ, ಹಂಚು ಚೆನ್ನಾಗಿದ್ದರೆ ಉಳಿಸಿಕೊಳ್ಳಿ. ನೆಲವನ್ನು ಅಗೆದು ತೆಗೆದು, ಅಂಗಳಕ್ಕಿಂತ ಕನಿಷ್ಠ ಒಂದೂವರೆ ಅಡಿ ಎತ್ತರಿಸಿ, ತೇವ ತಡೆಯುವ ಪದರ ಹಾಕಿ, ಗೋಡೆಯನ್ನು ಸೊಂಟದೆತ್ತರದ ತನಕವಾದರೂ ಹೊಸದಾಗಿ ಕಟ್ಟಿ. ಗೆದ್ದಲಿಗೆ ಮದ್ದು ಹಾಕುವುದೂ ನೆಲ ತೆರೆದಿರುವಾಗಲೇ. ಬಳಕೆ ಬದಲಾಗುವುದರಿಂದ ಪರವಾನಗಿ ಇಲ್ಲಿಯೂ ಬೇಕು.

ಶೌಚಗುಂಡಿ ಬಾವಿಯಿಂದ ಎಷ್ಟು ದೂರ ಇರಬೇಕು?

ಇಡೀ ಯೋಜನೆಯಲ್ಲಿ ನನಗೆ ಅತಿ ಮುಖ್ಯ ಎನಿಸುವುದು ಇದು, ಜನ ಅತಿ ಕಡಿಮೆ ಯೋಚಿಸುವುದೂ ಇದನ್ನೇ. ಭಾರತೀಯ ಮಾನಕದ ಪ್ರಕಾರ ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್, ಅಂದರೆ ಸುಮಾರು 60 ಅಡಿ ದೂರ ಇರಬೇಕು. ನಿಮ್ಮ ಬಾವಿಯಿಂದ ಮಾತ್ರವಲ್ಲ, ಪಾಗಾರದ ಆಚೆಗಿನ ಬಾವಿಯಿಂದಲೂ. ಐದು ಗುಂಟೆಯ ಜಾಗದಲ್ಲಿ ಒಂದು ಬಾವಿ, ಹಳೆಯ ಮನೆಯ ಗುಂಡಿ, ನೆರೆಯವರ ಬಾವಿ ಇಷ್ಟನ್ನು ಕಾಗದದ ಮೇಲೆ ಗುರುತು ಮಾಡಿ ಸುತ್ತ 60 ಅಡಿಯ ವೃತ್ತ ಎಳೆದು ನೋಡಿ. ಎರಡನೇ ಗುಂಡಿಗೆ ಜಾಗವೇ ಉಳಿಯದಿರುವುದು ಹೊಸದೇನಲ್ಲ. ಹೊಸ ಮನೆಯ ನಿಜವಾದ ಅಳತೆಯನ್ನು ಹೇಳುವುದು ಆ ವೃತ್ತಗಳು.

ನಮ್ಮ ನೆಲ ಈ ವಿಷಯದಲ್ಲಿ ಮೋಸದ್ದು. ಕರಾವಳಿಯ ಮರಳುನೆಲ ನೀರನ್ನು ಬೇಗ ಇಂಗಿಸಿಕೊಳ್ಳುತ್ತದೆ, ಸೋಸುವುದು ಕಡಿಮೆ. ಚಿರೆಕಲ್ಲಿನ ನೆಲದಲ್ಲಿ ಬರಿಗಣ್ಣಿಗೆ ಕಾಣುವಷ್ಟು ತೂತುಗಳಿರುತ್ತವೆ. ಕೊಳೆನೀರು ಎತ್ತ ಹರಿಯುತ್ತದೆ ಎಂದು ಯಾರೂ ಹೇಳಲಾರರು. ಜುಲೈ, ಆಗಸ್ಟ್‌ನಲ್ಲಿ ಬಾವಿಯ ನೀರು ಕೈಗೆಟುಕುವಷ್ಟು ಮೇಲೆ ಬಂದಾಗ, ಮೇ ತಿಂಗಳಿನಲ್ಲಿ ಒಣಗಿ ಕಂಡಿದ್ದ ಇಂಗುಗುಂಡಿಯ ತಳ ನೀರಿನೊಳಗೇ ಮುಳುಗಿರುತ್ತದೆ. ಆದ್ದರಿಂದ ಗುಂಡಿಯ ಜಾಗ, ಆಳ ಎರಡನ್ನೂ ಮಳೆಗಾಲದಲ್ಲಿ ಬಾವಿಗೆ ಇಣುಕಿ ನೋಡಿದ ಮೇಲೆ ನಿರ್ಧರಿಸಿ.

ಐದು ಜನರಿಗೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, 1 ಮೀಟರ್ ದ್ರವದ ಆಳದ ಸೆಪ್ಟಿಕ್ ಟ್ಯಾಂಕ್ ಸಾಕಾಗುತ್ತದೆ. ಅದರ ತಳ, ಗೋಡೆ ಎರಡೂ ಸಿಮೆಂಟಿನಿಂದ ಸೋರದಂತಿರಬೇಕು. "ತಳ ಬಿಟ್ಟರೆ ತುಂಬುವುದೇ ಇಲ್ಲ" ಎಂದು ಮೇಸ್ತ್ರಿ ಹೇಳಿದರೆ, ತುಂಬದೆ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಟ್ಯಾಂಕಿನಿಂದ ಹೊರಬರುವ ನೀರಿಗೆ ಬಾವಿಗಿಂತ ಕೆಳಗಿನ ಇಳಿಜಾರಿನಲ್ಲಿ ಇಂಗುಗುಂಡಿ ಇರಲಿ. ಜಾಗ ಸಾಲದಿದ್ದರೆ ಜಲ್ಲಿ ತುಂಬಿದ ಎತ್ತರದ ಪಾತಿಯಲ್ಲಿ ಕಾಬಾಳೆಯಂತಹ ಗಿಡ ಬೆಳೆಸಿ ಅದರ ಮೂಲಕ ಹರಿಸಬಹುದು, ಇಲ್ಲವೇ ಹಳೆಯ ಮನೆಯ ಟ್ಯಾಂಕನ್ನೇ ದೊಡ್ಡದು ಮಾಡಿ ಎರಡನ್ನೂ ಅದಕ್ಕೆ ಜೋಡಿಸಬಹುದು. ಬಚ್ಚಲ ನೀರನ್ನು ಬೇರೆ ಮಾಡಿ ಬಾಳೆ, ತೆಂಗಿನ ಬುಡಕ್ಕೆ ಬಿಡುವುದು ನಮ್ಮ ಹಳೆಯ ರೂಢಿ. ಅದನ್ನು ಬಿಡುವ ಕಾರಣವಿಲ್ಲ.

ಹಿಂದೆ ಗುಡ್ಡ ಇದೆ. ಸ್ವಲ್ಪ ಕಡಿದರೆ ಜಾಗ ಆಗುತ್ತದೆ. ಕಡಿಯಬಹುದೇ?

ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಗಂಗಾವಳಿಗೆ ಕುಸಿದದ್ದನ್ನು ಎಲ್ಲರೂ ನೋಡಿದ್ದೇವೆ. ಅದಕ್ಕೂ ಮೊದಲು, 2009ರ ಅಕ್ಟೋಬರ್‌ನಲ್ಲಿ, ಕಾರವಾರದ ಕಡವಾಡದಲ್ಲಿ ಮನೆಗಳ ಮೇಲೆಯೇ ಮಣ್ಣು ಬಂದಿತ್ತು. ಚಿರೆಕಲ್ಲಿನ ಗಟ್ಟಿ ಪದರದ ಕೆಳಗೆ ಮೆತ್ತನೆಯ ಜೇಡಿ ಇರುತ್ತದೆ. ಬುಡ ಕಡಿದಾಗ ಬೇಸಿಗೆಯಲ್ಲಿ ಗೋಡೆಯಂತೆ ನೆಟ್ಟಗೆ ನಿಂತು ಧೈರ್ಯ ಕೊಡುತ್ತದೆ. ದಿನಗಟ್ಟಲೆ ಮಳೆ ಹೊಡೆದು ಜೇಡಿ ನೆನೆದಾಗ ಜಾರುತ್ತದೆ. ಈಗಾಗಲೇ ಕಡಿದಾಗಿದ್ದರೆ ಮೇಲಿನ ನೀರನ್ನು ಅಂಚಿಗೆ ಬರುವ ಮೊದಲೇ ಕಾಲುವೆ ತೋಡಿ ತಿರುಗಿಸಿ, ನೀರು ಹೊರಬರಲು ತೂತುಗಳಿರುವ ತಡೆಗೋಡೆಯನ್ನು ಎಂಜಿನಿಯರ್ ಲೆಕ್ಕದಂತೆ ಕಟ್ಟಿಸಿ. ಕಡಿದ ಎತ್ತರಕ್ಕಿಂತ ಹತ್ತಿರದಲ್ಲಿ ಮಲಗುವ ಕೋಣೆ ಇಡಬೇಡಿ.

ಸ್ಲಾಬ್ ಒಳ್ಳೆಯದೋ, ಹಂಚಿನ ಮಾಡೋ?

ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ಕಡೆ ಚಪ್ಪಟೆ ಸ್ಲಾಬ್ ಹಾಕಿ, ಮೂರನೇ ವರ್ಷ ಸೋರಿದಾಗ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹೊದಿಸುವುದು ಈಗ ಕಾರವಾರದಿಂದ ಭಟ್ಕಳದವರೆಗೆ ಕಾಣುವ ನೋಟ. ಎರಡು ಛಾವಣಿಗೆ ದುಡ್ಡು ಕೊಟ್ಟು ಒಂದರ ಸುಖ. ಹಿತ್ತಲ ಮನೆಯ ಮೇಲೆ ಇನ್ನೊಂದು ಅಂತಸ್ತು ಏರಿಸುವ ಯೋಚನೆ ಇಲ್ಲದಿದ್ದರೆ ಮೊದಲೇ ಇಳಿಜಾರಿನ ಮಾಡು ಮಾಡಿ. ಮಂಗಳೂರು ಹಂಚು, ಕೆಳಗೆ ಸೀಲಿಂಗ್ ಹಂಚು, ಮರದ ಬದಲು ಬೇಕಾದರೆ ಸತು ಲೇಪಿಸಿದ ಕೊಳವೆಯ ಪಕಾಸು. ಸೂರು ಗೋಡೆಯಿಂದ ಎರಡೂವರೆ ಅಡಿಯಾದರೂ ಹೊರಚಾಚಲಿ. ತೆಂಗಿನ ಮರದಡಿ ಹಂಚಿನ ಮನೆ ಮಾತ್ರ ಬೇಡ; ಕಾಯಿ ಬೀಳುವುದು ಹಗಲು ನೋಡಿ ಅಲ್ಲ.

ಬರೀ ಶೀಟ್ ಹಾಕುವವರು ಗಾಳಿಯನ್ನು ಲೆಕ್ಕಕ್ಕೆ ಹಿಡಿಯಬೇಕು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಂತಹ ಗಾಳಿಗೆ ಸಡಿಲವಾಗಿ ಕೂರಿಸಿದ ಶೀಟ್ ನಿಲ್ಲುವುದಿಲ್ಲ. ಅಂಚಿನ ಸಾಲುಗಳಿಗೆ ಕೊಕ್ಕೆ, ಬೋಲ್ಟು ಹತ್ತಿರ ಹತ್ತಿರ ಬೇಕು.

ಕಾಂಕ್ರೀಟ್ ಒಳಗಿನ ಕಬ್ಬಿಣ ತುಕ್ಕು ಹಿಡಿಯದಂತೆ ಏನು ಮಾಡಬೇಕು?

ಉಪ್ಪುಗಾಳಿ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ಇಳಿದು ಸರಳನ್ನು ತಲುಪುತ್ತದೆ; ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಕಾಂಕ್ರೀಟಿನ ಭಾರತೀಯ ಮಾನಕ ಕರಾವಳಿಯ ತೆರೆದ ವಾತಾವರಣವನ್ನು ತೀವ್ರ ವರ್ಗಕ್ಕೆ ಸೇರಿಸಿ, ಎಂ30 ದರ್ಜೆಯ ಕಾಂಕ್ರೀಟ್ ಮತ್ತು ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆ ಕೇಳುತ್ತದೆ. ಸಾಮಾನ್ಯವಾಗಿ ಕಟ್ಟುವಲ್ಲಿ 20 ಮಿಲಿಮೀಟರ್ ಸಿಕ್ಕರೆ ಪುಣ್ಯ. ಸರಳಿನ ಕೆಳಗೆ ಕಲ್ಲಿನ ಚೂರು ಇಡುವ ಬದಲು ಅಳತೆಯ ಸಿಮೆಂಟ್ ಬಿಲ್ಲೆ ಇಡಲು ಹೇಳಿ, ಕಾಂಕ್ರೀಟ್ ಸುರಿಯುವ ದಿನ ನೀವೇ ನಿಂತು ನೋಡಿ. ಕಡಲ ಮರಳನ್ನೂ ಉಪ್ಪು ಬಾವಿಯ ನೀರನ್ನೂ ಬಳಸಬಾರದು. ಬೇಸಿಗೆಯ ಕೊನೆಗೆ ಹೊಳೆ ಬದಿಯ ಬಾವಿಗಳು ಉಪ್ಪಾಗುತ್ತವೆ, ಕಾಂಕ್ರೀಟ್ ಕೆಲಸ ನಡೆಯುವುದೂ ಆಗಲೇ.

ಇದೆಲ್ಲ ಬೇಡವೆಂದರೆ ಚಿರೆಕಲ್ಲಿನ ಭಾರ ಹೊರುವ ಗೋಡೆ, ಬಾಗಿಲು ಕಿಟಕಿಗಳ ನೆತ್ತಿಯ (ಲಿಂಟೆಲ್) ಮಟ್ಟದಲ್ಲಿ ಒಂದು ಕಾಂಕ್ರೀಟ್ ಪಟ್ಟಿ, ಮೇಲೆ ಮಾಡು. ಕಬ್ಬಿಣ ಕಡಿಮೆಯಾದಷ್ಟು ತುಕ್ಕಿನ ಚಿಂತೆ ಕಡಿಮೆ. ಜಿಲ್ಲೆ ಭೂಕಂಪದ ಮೂರನೇ ವಲಯದಲ್ಲಿರುವುದರಿಂದ ಆ ಪಟ್ಟಿಯನ್ನು ಮಾತ್ರ ಉಳಿತಾಯದ ಹೆಸರಿನಲ್ಲಿ ಬಿಡಬೇಡಿ. ಗಣಿಯಿಂದ ಆಗಷ್ಟೇ ಕೊರೆದು ತಂದ ಕಲ್ಲು ಮೆತ್ತಗಿರುತ್ತದೆ; ಗಾಳಿಗೆ ಬಿಟ್ಟು ಗಟ್ಟಿಯಾದ ಮೇಲೆ ಕಟ್ಟಿ.

ಕೆಲಸ ಯಾವಾಗ ಶುರು ಮಾಡುವುದು ಒಳ್ಳೆಯದು?

ಮಳೆಗಾಲದಲ್ಲಿ ಕಾಗದ ಓಡಿಸಿ, ದೀಪಾವಳಿಯ ಹೊತ್ತಿಗೆ ಪಾಯ ತೋಡಿ, ಮೃಗಶಿರ ಮಳೆಗೆ ಮೊದಲು ಮಾಡು ಹೊದಿಸಿ. ಒಳಗಿನ ಕೆಲಸ ಮಳೆಯಲ್ಲೂ ನಡೆಯುತ್ತದೆ. ಬಣ್ಣವನ್ನು ಮಾತ್ರ ಗೋಡೆ ಒಂದು ಮಳೆಗಾಲ ಕಂಡು ಒಣಗಿದ ಮೇಲೆ ಬಳಿಯಿರಿ.

ಚದರ ಅಡಿಗೆ ಎಷ್ಟು ಖರ್ಚಾಗುತ್ತದೆ?

ದೊಡ್ಡ ಮನೆಯ ದರದಿಂದ ಗುಣಿಸಬೇಡಿ. ಸಣ್ಣ ಮನೆಗೂ ಒಂದು ಅಡುಗೆ ಕಟ್ಟೆ, ಒಂದು ಶೌಚಾಲಯ, ಒಂದು ಟ್ಯಾಂಕ್, ಒಂದು ಪಂಪು, ಒಂದು ಮೀಟರ್ ಬೇಕೇ ಬೇಕು. ಕಡಿಮೆಯಾಗುವುದು ಅಗ್ಗದ ಖಾಲಿ ನೆಲ ಮಾತ್ರ. ಆದ್ದರಿಂದ ಚದರ ಅಡಿಯ ಲೆಕ್ಕದಲ್ಲಿ ಚಿಕ್ಕ ಮನೆ ಯಾವಾಗಲೂ ದುಬಾರಿ. ಹಿತ್ತಲಿಗೆ ಲಾರಿ ಹೋಗುವ ದಾರಿ ಇಲ್ಲದಿದ್ದರೆ ಕಲ್ಲು, ಮರಳನ್ನು ತಲೆಹೊರೆಯಲ್ಲಿ ಸಾಗಿಸುವ ಕೂಲಿ ಬೇರೆ. ಹಳೆಯ ಮನೆಯ ಬಚ್ಚಲಿಗೆ ಬೆನ್ನು ಕೊಟ್ಟು ಹೊಸ ಬಚ್ಚಲು ಇಟ್ಟರೆ ಕೊಳವೆಯ ಖರ್ಚು ಉಳಿಯುತ್ತದೆ.

ಬೇರೆ ವಿದ್ಯುತ್ ಮೀಟರ್ ಸಿಗುತ್ತದೆಯೇ?

ಹೆಸ್ಕಾಂ ಕಚೇರಿಯಲ್ಲಿ ಅರ್ಜಿ ಹಾಕಬಹುದು, ಆದರೆ ಪರವಾನಗಿ ಇಲ್ಲದ ಕಟ್ಟಡಕ್ಕೆ ಬಾಗಿಲು ಮುಚ್ಚುತ್ತಿದೆ. ಸ್ವಾಧೀನಾನುಭವ ಪತ್ರ (ಕಟ್ಟಡ ವಾಸಕ್ಕೆ ಸಿದ್ಧ ಎಂದು ಸ್ಥಳೀಯ ಸಂಸ್ಥೆ ಕೊಡುವ ಪತ್ರ) ಇಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಹೇಳಿದೆ. ಬಾಡಿಗೆಗೆ ಕೊಡುವುದಾದರೆ ಬೇರೆ ಮೀಟರ್ ಇರಲೇಬೇಕು ಎನ್ನುತ್ತೇನೆ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುವ ಯೋಜನೆ. ಒಂದೇ ಮೀಟರಿನಲ್ಲಿ ಎರಡು ಮನೆ ನಡೆಸಿ ಬಳಕೆ 200 ಯೂನಿಟ್ ದಾಟಿಸಿಕೊಂಡು ಬಿಲ್ಲಿಗಾಗಿ ಮುನಿಸಿಕೊಳ್ಳುವುದು ಬೇಡ.

ಬಾಡಿಗೆ, ಹೋಂಸ್ಟೇ ಎರಡರಲ್ಲಿ ಯಾವುದು ಲೇಸು?

ಕಾರವಾರದಲ್ಲಿ ಕೈಗಾ, ನೌಕಾನೆಲೆ, ವೈದ್ಯಕೀಯ ಕಾಲೇಜಿನಿಂದಾಗಿ ತಿಂಗಳ ಬಾಡಿಗೆಗೆ ಜನ ಸಿಗುತ್ತಾರೆ. ಹನ್ನೊಂದು ತಿಂಗಳ ಕರಾರು ರೂಢಿ. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಗೋಕರ್ಣ, ಮುರ್ಡೇಶ್ವರದ ಸುತ್ತ ಹೋಂಸ್ಟೇ ಆಸೆ ಹೆಚ್ಚು. ಅದಕ್ಕೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು, ಮಾಲೀಕರು ಅಲ್ಲಿಯೇ ವಾಸವಿರಬೇಕು, ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ಮಾಹಿತಿಯನ್ನು ಸರ್ಕಾರಕ್ಕೆ ಕೊಡಬೇಕು. ಸಿಆರ್‌ಝಡ್ ಮೂರನೇ ವರ್ಗದ ಹಳ್ಳಿಗಳಲ್ಲಿ ಹೋಂಸ್ಟೇಗೆ ಅವಕಾಶ ಇರುವುದು ಇರುವ ಮನೆಯ ತಳವಿಸ್ತೀರ್ಣ, ವಿನ್ಯಾಸ, ಮುಂಭಾಗ ಬದಲಿಸದೆ. ಅಂದರೆ ಹೋಂಸ್ಟೇಗೆಂದೇ ಹಿತ್ತಲಲ್ಲಿ ಹೊಸ ಕುಟೀರಗಳ ಸಾಲು ಎಬ್ಬಿಸುವುದಕ್ಕೆ ಈ ಅವಕಾಶ ಬಳಸಲು ಬರುವುದಿಲ್ಲ. ಬೀಗ ಹಾಕಿ ಹುಬ್ಬಳ್ಳಿಯಲ್ಲಿ ಕುಳಿತು ನಡೆಸುವ ಲೆಕ್ಕಾಚಾರವೂ ನಡೆಯುವುದಿಲ್ಲ.

ಅಪ್ಪ ಅಮ್ಮನಿಗಾಗಿ ಕಟ್ಟುತ್ತಿದ್ದೇವೆ. ಏನು ಗಮನಿಸಬೇಕು?

ಮೆಟ್ಟಿಲಿನ ಜೊತೆ ಒಂದು ಇಳಿಜಾರು ದಾರಿ ಇರಲಿ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಬಚ್ಚಲ ಬಾಗಿಲು ಮೂರು ಅಡಿ, ಹೊರಕ್ಕೆ ತೆರೆಯಬೇಕು. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ದೂಡಲಾಗುವುದಿಲ್ಲ. ನುಣುಪು ಟೈಲ್ಸ್ ಬೇಡ. ಎರಡು ಮನೆಗಳ ನಡುವೆ ಮಳೆಯಲ್ಲಿ ಪಾಚಿ ಕಟ್ಟುವ ಅಂಗಳವಿದ್ದರೆ ಅಲ್ಲಿಗೆ ಮಾಡು ಹಾಕಿ, ಊಟ ಆ ದಾರಿಯಲ್ಲೇ ಓಡಾಡುತ್ತದೆ. ಹಂಡೆ ಒಲೆಯ ಬಿಸಿನೀರಿಗೆ ಒಗ್ಗಿದವರಿಗೆ ಗೀಸರ್ ಒಂದನ್ನೇ ಕೊಟ್ಟು ಕೂರಿಸಬೇಡಿ. ಆಷಾಢದಲ್ಲಿ ವಿದ್ಯುತ್ ಎಷ್ಟು ಹೊತ್ತು ಇರುತ್ತದೆ ಎಂಬುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ವಾಸ್ತು ಪ್ರಕಾರ ಎಲ್ಲಿ ಕಟ್ಟಬೇಕು?

ನಂಬುವವರು ಅವರವರ ಜೋಯಿಸರನ್ನು ಕೇಳಲಿ. ನೈಋತ್ಯದ ಗೋಡೆ ಭದ್ರವಾಗಿರಲಿ ಎಂಬ ಮಾತನ್ನು ಮಾತ್ರ ನಾನೂ ಒಪ್ಪುತ್ತೇನೆ, ಏಕೆಂದರೆ ಮಳೆ ಗಾಳಿ ಹೊಡೆಯುವುದು ಆ ದಿಕ್ಕಿನಿಂದ.

ಅಡ್ಡ ಬಂದ ಮರ ಕಡಿಯಬಹುದೇ?

ತೆಂಗು, ಅಡಿಕೆಗೆ ತೊಂದರೆಯಿಲ್ಲ. ಸಾಗವಾನಿ, ಬೀಟೆಯಂತಹವು ನಿಮ್ಮ ಹಿತ್ತಲಲ್ಲೇ ಬೆಳೆದಿದ್ದರೂ ಅರಣ್ಯ ಇಲಾಖೆಯ ಅನುಮತಿ ಬೇಕು. ಕಡಿದ ಮರವನ್ನು ಸಾಗಿಸಲೂ ಬೇಕು.

ಪರವಾನಗಿ ಇಲ್ಲದೆ ಈಗಾಗಲೇ ಕಟ್ಟಿಯಾಗಿದೆ. ಸಕ್ರಮ ಆಗುತ್ತದೆಯೇ?

ನಿಯಮದೊಳಗೆ ಕೂರುವ ಕಟ್ಟಡವಾದರೆ ದಂಡ ಕಟ್ಟಿ ಪರವಾನಗಿ ಪಡೆಯಲು ಸ್ಥಳೀಯ ಸಂಸ್ಥೆಯಲ್ಲಿ ಕೇಳಬಹುದು. ಅಂತರ ಬಿಡದೆ ಕಟ್ಟಿದ್ದರೆ "ಅಕ್ರಮ ಸಕ್ರಮ ಬರುತ್ತದೆ" ಎಂದು ಕಾಯಬೇಡಿ. ನಗರ ಪ್ರದೇಶದ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲಿ ತಡೆ ಕೊಟ್ಟಿದೆ. ಸಿಆರ್‌ಝಡ್ ಪಟ್ಟಿಯೊಳಗೆ ಕಟ್ಟಿದ್ದರೆ ವಕೀಲರನ್ನು ಕಾಣಿ, ಮಧ್ಯವರ್ತಿಗಳನ್ನಲ್ಲ.

ಹಿತ್ತಲ ಮನೆಯನ್ನು ಮುಂದೆ ಬೇರೆಯಾಗಿ ಮಾರಬಹುದೇ?

ಜಾಗ ಒಂದೇ ಖಾತೆಯಲ್ಲಿ ಇರುವ ತನಕ ಇಲ್ಲ. ಬೇರೆ ಮಾಡಬೇಕೆಂದರೆ ವಿಭಜನೆಗೆ ಅನುಮತಿ, ಎರಡಕ್ಕೂ ರಸ್ತೆಗೆ ಸ್ವಂತ ದಾರಿ, ಎರಡೂ ಕಟ್ಟಡಗಳ ಸುತ್ತ ನಿಯಮದಷ್ಟು ಜಾಗ ಇರಬೇಕು. ಮುಂದೊಂದು ದಿನ ಮಕ್ಕಳಿಗೆ ಬೇರೆ ಬೇರೆ ಕೊಡುವ ಮನಸ್ಸಿದ್ದರೆ ಆ ದಾರಿಯ ಅಗಲವನ್ನು ಈಗಲೇ, ಪಾಯ ತೋಡುವ ಮೊದಲೇ ಬಿಟ್ಟಿರಿ.